ಎಕ್ಸ್‌ಪ್ಲೋರರ್-1ರ ಏಳು ನಿಮಿಷ: ಕಾಗದದ ಮೇಲೆ ಇನ್ನೊಂದು ಉಡಾವಣೆ

1958ರ ಜನವರಿ 31ರ ರಾತ್ರಿ 10 ಗಂಟೆ 48 ನಿಮಿಷಕ್ಕೆ ಫ್ಲಾರಿಡಾದ ಕೇಪ್ ಕೆನಾವೆರಲ್‌ನಿಂದ ಅಮೆರಿಕದ ಮೊದಲ ಉಪಗ್ರಹ ಎಕ್ಸ್‌ಪ್ಲೋರರ್-1 ಹೊರಟಿತು. ನಮ್ಮಲ್ಲಿ ಆಗ ಫೆಬ್ರವರಿ 1, ಶನಿವಾರ, ಬೆಳಗ್ಗೆ 9 ಗಂಟೆ 18 ನಿಮಿಷ. ಈ ಹಾರಾಟದ ಬಗ್ಗೆ ಬರೆದದ್ದಕ್ಕೆ ಕೊರತೆಯಿಲ್ಲ. ಆದರೆ ಹೆಚ್ಚಿನ ಬರಹಗಳು ಸೋವಿಯತ್ ಉಪಗ್ರಹ ಸ್ಪುಟ್ನಿಕ್ ಕೊಟ್ಟ ಆಘಾತದಿಂದ ಶುರುವಾಗಿ, ವಿಜ್ಞಾನಿಗಳು ಉಪಗ್ರಹದ ಮಾದರಿಯನ್ನು ತಲೆಯ ಮೇಲೆತ್ತಿ ಹಿಡಿದ ಫೋಟೋಕ್ಕೆ ಬಂದು ನಿಲ್ಲುತ್ತವೆ. ನೆಲ ಬಿಟ್ಟ ಮೇಲೆ ಕಕ್ಷೆ ಸೇರುವವರೆಗಿನ ಏಳು ನಿಮಿಷದಲ್ಲಿ ಯಾವ ಭಾಗ ಎಷ್ಟು ಕೆಲಸ ಮಾಡಿತು, ಯಾವುದು ಎಷ್ಟು ತಪ್ಪಿದ್ದರೆ ಎಲ್ಲವೂ ಸಮುದ್ರದ ಪಾಲಾಗುತ್ತಿತ್ತು ಎಂದು ಅಳತೆ ಹಿಡಿದು ಹೇಳುವವರು ಕಡಿಮೆ. ಪ್ರಕಟವಾಗಿರುವ ಅಂಕಿಗಳನ್ನು ಮುಂದಿಟ್ಟುಕೊಂಡು ಆ ಹಾರಾಟವನ್ನು ಕಾಗದದ ಮೇಲೆ ಮತ್ತೆ ನಡೆಸಿದೆವು. ಸಿಕ್ಕಿದ್ದನ್ನು ಹೆಜ್ಜೆ ಹೆಜ್ಜೆಯಾಗಿ ಇಲ್ಲಿಡುತ್ತಿದ್ದೇವೆ. ಓದುವವರೂ ಜೊತೆಜೊತೆಗೆ ಲೆಕ್ಕ ಮಾಡಿ ನೋಡಬಹುದು.

ಇದಕ್ಕೆ ದೊಡ್ಡ ಉಪಕರಣವೇನೂ ಬೇಡ. ವರ್ಗಮೂಲ, ಲಾಗ್, ಸೈನ್, ಕೊಸೈನ್ ಇರುವ ಕ್ಯಾಲ್ಕುಲೇಟರು ಸಾಕು. ಸಂಖ್ಯೆಗಳಲ್ಲಿ ಮೂರನ್ನು ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ: ಭೂಮಿಯ ತ್ರಿಜ್ಯ 6,378 ಕಿ.ಮೀ.; ಭೂಮಿಯ ಗುರುತ್ವ ಸ್ಥಿರಾಂಕ, ಕಿಲೋಮೀಟರು ಮತ್ತು ಸೆಕೆಂಡುಗಳಲ್ಲಿ, 3,98,600; ನೆಲಮಟ್ಟದ ಗುರುತ್ವ ವೇಗೋತ್ಕರ್ಷ 9.81.

ಲೆಕ್ಕವನ್ನು ಉಡಾವಣಾ ಕಟ್ಟೆಯಿಂದ ಶುರು ಮಾಡಿದರೆ ಬೇಗ ದಾರಿ ತಪ್ಪುತ್ತೇವೆ. ಕಕ್ಷೆಯಿಂದ ಶುರು ಮಾಡಿ ಹಿಂದಕ್ಕೆ ಬರಬೇಕು. ಎಕ್ಸ್‌ಪ್ಲೋರರ್-1ರ ಕಕ್ಷೆ ಭೂಮಿಗೆ ಅತಿ ಹತ್ತಿರ ಬರುವ ಜಾಗ, ಅಂದರೆ ಪೆರಿಜಿ, 358 ಕಿ.ಮೀ. ಎತ್ತರ. ಅತಿ ದೂರದ ಅಪೋಜಿ 2,550 ಕಿ.ಮೀ. ಎರಡರ ಸರಾಸರಿ 1,454. ಅದಕ್ಕೆ ಭೂಮಿಯ ತ್ರಿಜ್ಯ ಸೇರಿಸಿದರೆ 7,832 ಕಿ.ಮೀ.; ಇದು ದೀರ್ಘವೃತ್ತದ ಅರ್ಧ ಅಕ್ಷ. ಇದರ ಘನವನ್ನು 3,98,600ರಿಂದ ಭಾಗಿಸಿ, ವರ್ಗಮೂಲ ತೆಗೆದು, 6.283ರಿಂದ ಗುಣಿಸಿ. 6,898 ಸೆಕೆಂಡು ಬರುತ್ತದೆ, ಅಂದರೆ 115 ನಿಮಿಷ. ದಾಖಲೆಯಲ್ಲಿರುವ ಸುತ್ತುವ ಅವಧಿ 114.8 ನಿಮಿಷ. ಇಷ್ಟು ಹೊಂದಿಕೊಂಡರೆ ಅಡಿಪಾಯ ಸರಿಯಿದೆ ಎಂದುಕೊಂಡು ಮುಂದೆ ಹೋಗಬಹುದು. ತಾಳೆಯಾಗದಿದ್ದರೆ ನೂರಕ್ಕೆ ತೊಂಬತ್ತು ಸಲ ತ್ರಿಜ್ಯ ಸೇರಿಸಲು ಮರೆತಿರುತ್ತೀರಿ, ಇಲ್ಲವೇ ಮೈಲಿ-ಕಿಲೋಮೀಟರು ಬೆರಕೆಯಾಗಿರುತ್ತದೆ. ಆ ಕಾಲದ ಅಮೆರಿಕದ ದಾಖಲೆಗಳೆಲ್ಲ ಮೈಲಿ, ಪೌಂಡು, ಅಂಗುಲದಲ್ಲಿವೆ ಎಂಬುದು ನೆನಪಿರಲಿ.

ಮುಂದಿನದು ಪೆರಿಜಿಯಲ್ಲಿನ ವೇಗ. ಭೂಕೇಂದ್ರದಿಂದ ದೂರ 6,736 ಕಿ.ಮೀ. ಎರಡನ್ನು ಈ ದೂರದಿಂದ ಭಾಗಿಸಿ, ಅದರಿಂದ ಒಂದು ಭಾಗಿಸು 7,832 ಅನ್ನು ಕಳೆದು, 3,98,600ರಿಂದ ಗುಣಿಸಿ ವರ್ಗಮೂಲ ತೆಗೆದರೆ ಸೆಕೆಂಡಿಗೆ 8.21 ಕಿ.ಮೀ. ಅದೇ ಎತ್ತರದಲ್ಲಿ ದುಂಡನೆಯ ಕಕ್ಷೆಗೆ ಬೇಕಾಗುವುದು 7.69 ಮಾತ್ರ. ಸೆಕೆಂಡಿಗೆ ಅರ್ಧ ಕಿಲೋಮೀಟರಿನಷ್ಟು ವೇಗ ಹೆಚ್ಚುವರಿಯಾಗಿ ಕೈಯಲ್ಲಿತ್ತು. ಈ ಅರ್ಧ ಕಿಲೋಮೀಟರನ್ನು ಗುರುತು ಹಾಕಿಟ್ಟುಕೊಳ್ಳಿ. ಎಕ್ಸ್‌ಪ್ಲೋರರ್-1 ಗೆದ್ದದ್ದು ಇದರಿಂದಲೇ ಎಂಬುದು ನಮ್ಮ ಅಭಿಪ್ರಾಯ.

ಈ ವೇಗ ಎಲ್ಲಿಂದ ಬಂತು? ರಾಕೆಟ್ಟಿನ ಹೆಸರು ಜೂನೋ-1. ಜುಪಿಟರ್-ಸಿ ಎಂಬ ಪರೀಕ್ಷಾ ರಾಕೆಟ್ಟಿನ ತಲೆಗೆ ಇನ್ನೊಂದು ಹಂತ ಕೂಡಿಸಿದ ರೂಪ ಅದು. ಕೆಳಗಿನದು ಸೇನೆಯ ರೆಡ್‌ಸ್ಟೋನ್ ಕ್ಷಿಪಣಿ, ಟ್ಯಾಂಕು ಉದ್ದ ಮಾಡಿದ್ದು. ಅದರ ಮೇಲೆ ಒಂದು ತೊಟ್ಟಿ. ತೊಟ್ಟಿಯೊಳಗೆ ಸಾರ್ಜೆಂಟ್ ಕ್ಷಿಪಣಿಯ ಮೋಟಾರನ್ನು ಚಿಕ್ಕದು ಮಾಡಿದ ಘನ ಇಂಧನದ ಮೋಟಾರುಗಳು: ಹೊರಸುತ್ತಿನಲ್ಲಿ 11, ಅದು ಎರಡನೇ ಹಂತ, ಒಳಗೆ 3, ಅದು ಮೂರನೇ ಹಂತ, ತಲೆಯ ಮೇಲೆ 1, ಅದು ನಾಲ್ಕನೆಯದು. ಎಲ್ಲವೂ ಒಂದೇ ಅಚ್ಚಿನವು: ಸುಮಾರು 15 ಸೆಂ.ಮೀ. ದಪ್ಪ, ಒಂದು ಮೀಟರು ಉದ್ದ. ಚೌಕಟ್ಟೂ ಸೇರಿ ಒಂದೊಂದಕ್ಕೆ ಹೆಚ್ಚುಕಡಿಮೆ 42 ಕಿಲೋ ತೂಕ, ಅದರಲ್ಲಿ ಅರ್ಧ ಇಂಧನ. ಉರಿಯುವುದು ಆರು ಸೆಕೆಂಡು. ಹೊಸ ಮೋಟಾರು ಬರೆದು, ಪರೀಕ್ಷಿಸಿ, ತಿದ್ದುವ ಪುರುಸೊತ್ತಿಲ್ಲದಾಗ ಪಳಗಿದ ಒಂದೇ ಮೋಟಾರನ್ನು ಹದಿನೈದು ಸಲ ಬಳಸುವುದು ಬಹಳ ಜಾಣತನದ ನಿರ್ಧಾರ. ಒಂದನ್ನು ಪರೀಕ್ಷಿಸಿದರೆ ಹದಿನೈದನ್ನೂ ಪರೀಕ್ಷಿಸಿದಂತೆ.

ಈಗ ರಾಕೆಟ್ ಸಮೀಕರಣ: ಅನಿಲ ಹೊರಬೀಳುವ ವೇಗವನ್ನು, ಉರಿಯುವ ಮುಂಚಿನ ತೂಕ ಮತ್ತು ಉರಿದ ನಂತರದ ತೂಕದ ಅನುಪಾತದ ಲಾಗ್‌ನಿಂದ ಗುಣಿಸಬೇಕು. ಕ್ಯಾಲ್ಕುಲೇಟರಿನಲ್ಲಿ ಒತ್ತಬೇಕಾದ್ದು ನ್ಯಾಚುರಲ್ ಲಾಗ್, ಹತ್ತರ ಲಾಗ್ ಅಲ್ಲ. ಹತ್ತರದ್ದನ್ನು ಒತ್ತಿದರೆ ಉತ್ತರ ಅರ್ಧಕ್ಕಿಂತ ಕಡಿಮೆ ಬರುತ್ತದೆ, ಉಪಗ್ರಹ ಬಹಾಮಾಸ್‌ನ ಆಚೆ ನೀರಿಗೆ ಬೀಳುತ್ತದೆ. ಮೇಲಿನ ಹಂತದಿಂದ ಕೆಳಕ್ಕೆ ಬನ್ನಿ. ಕಕ್ಷೆ ಸೇರಿದ್ದು 13.97 ಕಿಲೋ, ಖಾಲಿಯಾದ ನಾಲ್ಕನೇ ಮೋಟಾರಿನ ಕೊಳವೆಯೂ ಸೇರಿ. ಅದಕ್ಕೆ ಉರಿದುಹೋದ 21 ಕಿಲೋ ಸೇರಿಸಿದರೆ ಸುಮಾರು 35. ಅನುಪಾತ 2.5. ಅನಿಲದ ವೇಗ ಸೆಕೆಂಡಿಗೆ 2.3 ಕಿ.ಮೀ. ಹಿಡಿದರೆ ನಾಲ್ಕನೇ ಹಂತವೊಂದೇ ಕೊಟ್ಟದ್ದು 2.1 ಕಿ.ಮೀ. ಮೂರನೇ ಹಂತದಲ್ಲಿ 161 ಕಿಲೋ 98ಕ್ಕೆ ಇಳಿಯುತ್ತದೆ, ಗಳಿಕೆ 1.14. ಎರಡನೆಯದರಲ್ಲಿ 623 ಕಿಲೋ 392ಕ್ಕೆ ಇಳಿಯುತ್ತದೆ, ಗಳಿಕೆ 1.07. ಮೂರೂ ಸೇರಿ 4.3 ಕಿ.ಮೀ. ಶೇ. 5ರಷ್ಟು ಆಚೀಚೆ ಬಿಟ್ಟುಕೊಳ್ಳಿ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಕಕ್ಷೆಗೆ ಬೇಕಾದ 8.2 ಕಿಲೋಮೀಟರಿನಲ್ಲಿ ಅರ್ಧವನ್ನು ಕೊಟ್ಟದ್ದು ಮೂರು ಹಂತಗಳ ಒಟ್ಟು ಹದಿನೆಂಟು ಸೆಕೆಂಡಿನ ಉರಿ. ಉಳಿದರ್ಧಕ್ಕೆ ಕೆಳಗಿನ ರೆಡ್‌ಸ್ಟೋನ್ 155 ಸೆಕೆಂಡು ದುಡಿಯಿತು. ಜೊತೆಗೆ ಭೂಮಿಯ ತಿರುಗುವಿಕೆಯ ನೆರವು: ಕೇಪ್ ಕೆನಾವೆರಲ್ 28.5 ಡಿಗ್ರಿ ಅಕ್ಷಾಂಶದಲ್ಲಿದೆ. ಆಗ್ನೇಯಕ್ಕೆ ವಾಲಿ ಹಾರಿದ್ದರಿಂದ ಸೆಕೆಂಡಿಗೆ ಸುಮಾರು 390 ಮೀಟರು ಪುಕ್ಕಟೆಯಾಗಿ ಸಿಕ್ಕಿತು. ಕಕ್ಷೆ ಸಮಭಾಜಕಕ್ಕೆ 33 ಡಿಗ್ರಿ ಓರೆಯಾದದ್ದೂ ಆ ದಿಕ್ಕಿನಿಂದಲೇ.

ರೆಡ್‌ಸ್ಟೋನ್ ಮೂಲದಲ್ಲಿ ಉರಿಸುತ್ತಿದ್ದುದು ಶೇ. 75 ಈಥೈಲ್ ಆಲ್ಕೊಹಾಲು, ಶೇ. 25 ನೀರು. ಉಪಗ್ರಹಕ್ಕೆ ಅದರ ಬಲ ಸಾಲದು. ಎಂಜಿನ್ನನ್ನು ಬದಲಾಯಿಸುವಷ್ಟು ಸಮಯವೂ ಇಲ್ಲ. ಆದ್ದರಿಂದ ಎಂಜಿನ್ನಿಗೆ ಹೆಚ್ಚು ಕೈ ಹಾಕದೆ ಇಂಧನ ಬದಲಿಸಿದರು. ನಾರ್ತ್ ಅಮೆರಿಕನ್ ಏವಿಯೇಷನ್‌ನ ರಸಾಯನತಜ್ಞೆ ಮೇರಿ ಶೆರ್ಮನ್ ಮಾರ್ಗನ್ ರೂಪಿಸಿದ ಹೈಡೈನ್ ಎಂಬ ಮಿಶ್ರಣ ಅದು: ಶೇ. 60 ಡೈಮೀಥೈಲ್ ಹೈಡ್ರಜೀನ್, ಶೇ. 40 ಡೈಎಥಿಲೀನ್ ಟ್ರೈಅಮೀನ್. ದಹನಕ್ಕೆ ಮೊದಲಿನಂತೆಯೇ ದ್ರವ ಆಮ್ಲಜನಕ. ನೂಕುಬಲ 78,000 ಪೌಂಡಿನಿಂದ 83,000 ಪೌಂಡಿಗೆ ಏರಿತು. ಹೈಡ್ರಜೀನ್ ವಿಷ, ಆಲ್ಕೊಹಾಲಿನಂತೆ ಬರಿಗೈಯಲ್ಲಿ ನಿಭಾಯಿಸುವಂಥದ್ದಲ್ಲ. ಉರಿಯುವ ಸಮಯ ಹೆಚ್ಚಿದಾಗ ಇನ್ನೊಂದು ಸಣ್ಣ ವಿಷಯವನ್ನೂ ನೋಡಿಕೊಳ್ಳಬೇಕಾಯಿತು: ಇಂಧನದ ಪಂಪನ್ನು ತಿರುಗಿಸುವುದು ಹೈಡ್ರೋಜನ್ ಪೆರಾಕ್ಸೈಡಿನ ಆವಿ. ಟ್ಯಾಂಕು ಮಾತ್ರ ಉದ್ದ ಮಾಡಿ ಪೆರಾಕ್ಸೈಡನ್ನು ಅಷ್ಟೇ ಬಿಟ್ಟರೆ ಇಂಧನ ಮುಗಿಯುವ ಮುಂಚೆಯೇ ಪಂಪು ನಿಲ್ಲುತ್ತದೆ. ಅದಕ್ಕೇ ಎರಡನೆಯ ಪೆರಾಕ್ಸೈಡ್ ಟ್ಯಾಂಕು ಕೂಡಿಸಿದರು. 83,000 ಪೌಂಡು ಅಂದರೆ 37.6 ಟನ್ ನೂಕುಬಲ. ರಾಕೆಟ್ಟಿನ ತೂಕ ಸುಮಾರು 29 ಟನ್. ಏಳುವಾಗ ಸಿಗುವುದು ಗುರುತ್ವದ ಮೂರನೇ ಒಂದು ಭಾಗಕ್ಕಿಂತ ಕಡಿಮೆ ವೇಗೋತ್ಕರ್ಷ. ಹಳೆಯ ಚಿತ್ರಗಳಲ್ಲಿ ರಾಕೆಟ್ಟು ಅಷ್ಟು ನಿಧಾನ ಮೇಲೇಳುವುದು ಅದಕ್ಕೇ. ಸೆಕೆಂಡಿಗೆ 160 ಕಿಲೋ ದ್ರವ ಉರಿದು 155 ಸೆಕೆಂಡಿನಲ್ಲಿ ಸುಮಾರು 25 ಟನ್ ಖರ್ಚಾಗುತ್ತದೆ.

ಈ ರಾಕೆಟ್ಟು ತುರ್ತಿನಲ್ಲಿ ಕಟ್ಟಿದ್ದೂ ಅಲ್ಲ. 1956ರ ಸೆಪ್ಟೆಂಬರ್ 20ರಂದೇ ಇದರ ಒಡಹುಟ್ಟು ಜುಪಿಟರ್-ಸಿ 1,097 ಕಿ.ಮೀ. ಎತ್ತರಕ್ಕೆ ಏರಿ 5,300 ಕಿ.ಮೀ. ಆಚೆ ಬಿದ್ದಿತ್ತು. ಆಗ ನಾಲ್ಕನೇ ಹಂತದಲ್ಲಿ ಇಂಧನದ ಬದಲು ತೂಕಕ್ಕೆ ಮರಳು ತುಂಬಿದ್ದರು. ನಾಲ್ಕನೇ ಮೋಟಾರೊಂದೇ ಸೆಕೆಂಡಿಗೆ ಎರಡು ಕಿಲೋಮೀಟರಿಗೂ ಹೆಚ್ಚು ಕೊಡುತ್ತದೆಂದು ಮೇಲೆ ನೋಡಿದೆವಲ್ಲ, ಆ ಮರಳಿನ ಬೆಲೆ ಎಷ್ಟೆಂದು ಅದರಿಂದಲೇ ತಿಳಿಯುತ್ತದೆ. ಉಪಗ್ರಹದ ಹೊಣೆಯನ್ನು ಸರ್ಕಾರ ನೌಕಾಪಡೆಯ ವ್ಯಾನ್‌ಗಾರ್ಡ್ ರಾಕೆಟ್ ಯೋಜನೆಗೆ ವಹಿಸಿತ್ತು. ಸ್ಪುಟ್ನಿಕ್-2 ಹಾರಿದ ಮೇಲೆ, 1957ರ ನವೆಂಬರ್ 8ರಂದು ಸೇನೆಗೂ ತಯಾರಾಗಲು ಆದೇಶ ಬಂತು. ಡಿಸೆಂಬರ್ 6ರಂದು ವ್ಯಾನ್‌ಗಾರ್ಡ್ ಮೀಟರಿನಷ್ಟು ಮೇಲೆದ್ದು ಕುಸಿದು ಸುಟ್ಟುಹೋಯಿತು. ನವೆಂಬರ್ 8ರಿಂದ ಜನವರಿ 31ಕ್ಕೆ 84 ದಿನ. ಅಷ್ಟರಲ್ಲಿ ಆದದ್ದು ಮುಖ್ಯವಾಗಿ ಉಪಗ್ರಹದ ಕೆಲಸ. ಉಗ್ರಾಣದಲ್ಲಿ ಜೋಪಾನವಾಗಿಟ್ಟಿದ್ದ 29ನೇ ಸಂಖ್ಯೆಯ ರಾಕೆಟ್ಟು ಆಗಲೇ ಇತ್ತು. ಅದರ ಮೈಮೇಲೆ ಬರೆದ ಯು-ಇ ಅಕ್ಷರಗಳು ಆ 29ರ ಗುಪ್ತ ರೂಪ. ರಾಕೆಟ್ಟು ಹುಟ್ಟಿದ ಹಂಟ್ಸ್‌ವಿಲ್ ಊರಿನ ಹೆಸರಿನ ಅಕ್ಷರಗಳಿಗೆ ಕ್ರಮವಾಗಿ ಅಂಕಿ ಕೊಟ್ಟರೆ ಯು ಎರಡನೆಯದು. ಎರಡನೇ ಸಲ ಬರುವ ಎಲ್ ಬಿಟ್ಟರೆ ಇ ಒಂಬತ್ತನೆಯದು.

ಉಡಾವಣೆಯ ಚಿತ್ರದಲ್ಲಿ ರಾಕೆಟ್ಟು ಇನ್ನೂ ಕಟ್ಟೆಯ ಮೇಲೆ ನಿಂತಿರುವಾಗಲೇ ಅದರ ತುದಿಯ ತೊಟ್ಟಿ ಗರಗರ ತಿರುಗುತ್ತಿರುತ್ತದೆ. ವಿದ್ಯುತ್ ಮೋಟಾರುಗಳು ಅದನ್ನು ನಿಮಿಷಕ್ಕೆ 550 ಸುತ್ತಿಗೆ ತಂದಿರುತ್ತವೆ. ಮೇಲಿನ ಮೂರು ಹಂತಗಳಿಗೆ ದಿಕ್ಕು ತಿದ್ದುವ ಯಾವ ವ್ಯವಸ್ಥೆಯೂ ಇಲ್ಲ. ತಿರುಗುವ ಬುಗುರಿಯ ಹಾಗೆ ಹಿಡಿದ ದಿಕ್ಕನ್ನು ಬಿಡದಿರುವುದೊಂದೇ ಅವುಗಳ ಮಾರ್ಗದರ್ಶನ. ಹನ್ನೊಂದು ಮೋಟಾರು ಏಕಕಾಲಕ್ಕೆ ಹೊತ್ತಿಕೊಂಡಾಗ ಎಲ್ಲವೂ ಒಂದೇ ಬಲ ಕೊಡುವುದಿಲ್ಲ. ಒಂದು ಕಾಲು ಭಾಗ ಸೆಕೆಂಡು ತಡವಾಗುತ್ತದೆ, ಇನ್ನೊಂದರ ಮೂತಿ ಕೂದಲೆಳೆಯಷ್ಟು ಓರೆ ಇರುತ್ತದೆ. ತಿರುಗದಿದ್ದರೆ ಆ ವ್ಯತ್ಯಾಸವೆಲ್ಲ ಒಂದೇ ಕಡೆಗೆ ಎಳೆಯುತ್ತದೆ. ಸೆಕೆಂಡಿಗೆ ಒಂಬತ್ತು ಹನ್ನೆರಡು ಸಲ ತಿರುಗಿದರೆ ಎಳೆತ ಎಲ್ಲ ಕಡೆಗೂ ಹಂಚಿಹೋಗಿ ಹೆಚ್ಚುಕಡಿಮೆ ರದ್ದಾಗುತ್ತದೆ.

ಆದರೆ ಎಷ್ಟು ವೇಗದಲ್ಲಿ ತಿರುಗಿಸಬೇಕು ಎಂಬುದರಲ್ಲಿ ಒಂದು ತೊಡಕಿದೆ. ಉದ್ದನೆಯ ತೆಳ್ಳಗಿನ ರಾಕೆಟ್ಟು ಬಾಗಿ ಕಂಪಿಸುವ ತನ್ನದೇ ಆವರ್ತನ ಹೊಂದಿರುತ್ತದೆ. ಇಂಧನ ಖಾಲಿಯಾಗಿ ತೂಕ ಇಳಿದಂತೆ ಆ ಆವರ್ತನ ಏರುತ್ತದೆ. ತೊಟ್ಟಿಯ ಸುತ್ತುವಿಕೆ ಅದಕ್ಕೆ ಸಮವಾದರೆ ಅನುರಣನವಾಗಿ ರಾಕೆಟ್ಟೇ ಮುರಿಯುತ್ತದೆ. ಅದಕ್ಕಾಗಿ ಹಾರುತ್ತಿರುವಾಗಲೇ ಸುತ್ತನ್ನು 550ರಿಂದ 650ಕ್ಕೆ, ಆಮೇಲೆ 750ಕ್ಕೆ ಏರಿಸಿದರು. 750 ಅಂದರೆ ಸೆಕೆಂಡಿಗೆ 12.5 ಸುತ್ತು. ಉಪಗ್ರಹದ ತ್ರಿಜ್ಯ 8 ಸೆಂ.ಮೀ.; ಅದರ ಗೋಡೆಯ ಪಕ್ಕದಲ್ಲಿರುವ ಯಾವುದೇ ಭಾಗದ ಮೇಲೆ ಬೀಳುವ ಬಲವನ್ನು ಲೆಕ್ಕ ಹಾಕಿದರೆ ಗುರುತ್ವದ 50 ಪಟ್ಟು. ಒಂದು ಗ್ರಾಮಿನ ಟ್ರಾನ್ಸಿಸ್ಟರಿನ ಬೆಸುಗೆ 50 ಗ್ರಾಂ ಎಳೆತ ತಡೆಯಬೇಕು, ಅದೂ ಮೋಟಾರುಗಳು ಒದೆಯುವುದಕ್ಕೆ ಮುಂಚೆಯೇ. ಗಾಜಿನ ವಾಲ್ವುಗಳ ಬದಲು ಟ್ರಾನ್ಸಿಸ್ಟರಿಗೆ ಹೋದದ್ದು ತೂಕ ಮತ್ತು ವಿದ್ಯುತ್ತಿನ ಉಳಿತಾಯಕ್ಕೆ; ಈ ಎಳೆತದ ದೃಷ್ಟಿಯಿಂದಲೂ ಅದು ಸರಿಯಾದ ಹೆಜ್ಜೆ.

ಎರಡು ದಿನ ಉಡಾವಣೆ ಮುಂದಕ್ಕೆ ಹೋದದ್ದು ಮೇಲಿನ ವಾತಾವರಣದ ಜೆಟ್ ಪ್ರವಾಹದ ಗಾಳಿಯಿಂದ. ಟ್ಯಾಂಕು ಉದ್ದ ಮಾಡಿದ ರಾಕೆಟ್ಟಿಗೆ ಅಡ್ಡಗಾಳಿ ಹೊಡೆದರೆ ನಡು ಬಾಗುತ್ತದೆ. ತುದಿಯಲ್ಲಿ ಆರುನೂರು ಕಿಲೋ ತೊಟ್ಟಿ ತಿರುಗುತ್ತಿರುವಾಗ ಅದು ಬಹಳ ಅಪಾಯ. ಕಾದದ್ದು ಸರಿ.

155ನೇ ಸೆಕೆಂಡಿನ ಸುಮಾರಿಗೆ ರೆಡ್‌ಸ್ಟೋನ್ ಇಂಧನ ಮುಗಿದು ನಿಲ್ಲುತ್ತದೆ. ಕೆಲವು ಸೆಕೆಂಡು ಬಿಟ್ಟು ಸ್ಫೋಟಕ ಬೋಲ್ಟುಗಳು ಸಿಡಿದು, ಸ್ಪ್ರಿಂಗುಗಳು ಮೇಲಿನ ಭಾಗವನ್ನು ದೂರ ತಳ್ಳುತ್ತವೆ. ಉಪಕರಣಗಳ ಡಬ್ಬಿ ಮತ್ತು ಅದರ ಮೇಲೆ ತಿರುಗುತ್ತಿರುವ ತೊಟ್ಟಿ, ಎರಡೂ ಎಸೆದ ಕಲ್ಲಿನಂತೆ ಮೇಲೇರುತ್ತಲೇ ಹೋಗುತ್ತವೆ. ಈ ಹೊತ್ತಿನಲ್ಲಿ ಒತ್ತಿಟ್ಟ ಗಾಳಿಯ ಮೂತಿಗಳು ಡಬ್ಬಿಯನ್ನು ಮೆಲ್ಲಗೆ ವಾಲಿಸಿ, ಹಾದಿಯ ತುತ್ತತುದಿಯಲ್ಲಿ ಮೂಗು ನೆಲಕ್ಕೆ ಸಮಾನಾಂತರವಾಗುವಂತೆ ಮಾಡಬೇಕು. ತುದಿ ಮುಟ್ಟಿದಾಗ ನೆಲದಿಂದ ರೇಡಿಯೋ ಆಜ್ಞೆ ಹೋಗಿ ಎರಡನೇ ಹಂತ ಹೊತ್ತಿಕೊಳ್ಳುತ್ತದೆ. ಆ ಆಜ್ಞೆ ಕೊಟ್ಟವರು ರಾಕೆಟ್ ತಂಡದ ವಿಜ್ಞಾನಿ ಎರ್ನ್ಸ್ಟ್ ಸ್ಟುಲಿಂಗರ್. ಹಾರಿದ 404ನೇ ಸೆಕೆಂಡಿನ ಆಸುಪಾಸು. ಅಲ್ಲಿಂದ ಮುಂದೆ ಮೂರನೆಯದು, ನಾಲ್ಕನೆಯದು ಟೈಮರಿನಿಂದ ತಾವೇ ಹೊತ್ತುತ್ತವೆ.

ಆ ಗುಂಡಿ ಒತ್ತಿದ ಗಳಿಗೆಯನ್ನು ಕೂದಲೆಳೆಯ ಅಂತರದ ಗೆಲುವೆಂದು ಬರೆಯುವುದು ವಾಡಿಕೆ. ಲೆಕ್ಕ ಬೇರೆ ಹೇಳುತ್ತದೆ. 358 ಕಿ.ಮೀ. ಎತ್ತರದಲ್ಲಿ ಗುರುತ್ವ 8.8. ಸೆಕೆಂಡಿಗೆ 4 ಕಿ.ಮೀ. ಅಡ್ಡವೇಗವಿದ್ದರೆ, ನೆಲವೂ ದುಂಡಗೆ ಬಾಗುತ್ತ ಹೋಗುವುದರಿಂದ, ಅದರಲ್ಲಿ 2.4 ಕಳೆಯುತ್ತದೆ, ಉಳಿಯುವುದು 6.4. ಅಂದರೆ ತುದಿ ದಾಟಿ ಒಂದು ಸೆಕೆಂಡು ತಡವಾದರೆ ಕೆಳಮುಖದ ವೇಗ ಸೆಕೆಂಡಿಗೆ 6.4 ಮೀಟರು. ಹತ್ತು ಸೆಕೆಂಡು ತಡವಾದರೆ 64 ಮೀಟರು. 8,210 ಮೀಟರಿನ ಮುಂದೆ 64 ಎಂದರೆ ಹಾದಿಯ ಓರೆ ಅರ್ಧ ಡಿಗ್ರಿಗಿಂತ ಕಡಿಮೆ. ಮೂವತ್ತು ಸೆಕೆಂಡಿಗೆ 1.3 ಡಿಗ್ರಿ.

ಈಗ ಓರೆಯ ಬೆಲೆ ನೋಡಿ. ವೇಗ 8.21 ಇದ್ದು ಹಾದಿ 2 ಡಿಗ್ರಿ ಓರೆಯಾದರೆ ಪೆರಿಜಿ 358ರಿಂದ 325ಕ್ಕೆ ಇಳಿಯುತ್ತದೆ. 4 ಡಿಗ್ರಿಗೆ 232. 5 ಡಿಗ್ರಿಗೆ 166. 6 ಡಿಗ್ರಿಗೆ 91. ಅಲ್ಲಿಗೆ ಮುಗಿಯಿತು, ವಾತಾವರಣ ನುಂಗುತ್ತದೆ. ಅದೇ, ವೇಗ ದುಂಡನೆಯ ಕಕ್ಷೆಗೆ ಬೇಕಾದ 7.69 ಮಾತ್ರ ಇದ್ದಿದ್ದರೆ 1 ಡಿಗ್ರಿ ಓರೆಗೆ ಪೆರಿಜಿ 240, 2 ಡಿಗ್ರಿಗೆ 123. ಎರಡು ಡಿಗ್ರಿಯಲ್ಲೇ ಕತೆ ಮುಗಿಯುತ್ತಿತ್ತು. ಗುರುತು ಹಾಕಿಟ್ಟ ಅರ್ಧ ಕಿಲೋಮೀಟರಿನ ಬೆಲೆ ಇಲ್ಲಿದೆ. ಅದು ತಪ್ಪಿಗೆ ಸಿಗುವ ರಿಯಾಯಿತಿಯನ್ನು ಎರಡರಿಂದ ಐದು ಡಿಗ್ರಿಗೆ ಹಿಗ್ಗಿಸಿತು. ಅದರಲ್ಲೂ ತೊಟ್ಟಿಯ ಮೂಗು ತಪ್ಪಿ ತಿರುಗಿದ್ದರೆ ಆ ತಪ್ಪು ಮೇಲಿನ ಹಂತಗಳ 4.3 ಕಿಲೋಮೀಟರಿಗೆ ಮಾತ್ರ ತಗಲುತ್ತದೆ, ಪೂರ್ತಿ 8.2ಕ್ಕಲ್ಲ. ಆದ್ದರಿಂದ ಮೂಗಿನ 8 ಡಿಗ್ರಿ ತಪ್ಪು ಹಾದಿಯಲ್ಲಿ 4 ಡಿಗ್ರಿಯಷ್ಟೇ ಕಾಣುತ್ತದೆ. ಎಡಬಲಕ್ಕೆ ತಪ್ಪಿದ್ದರೆ ಇನ್ನೂ ಚಿಂತೆಯಿಲ್ಲ. ಕಕ್ಷೆಯ ಓರೆ ಸ್ವಲ್ಪ ಬದಲಾಗುತ್ತದೆ, ಎತ್ತರಕ್ಕೆ ಧಕ್ಕೆಯಿಲ್ಲ.

ಹಾಗಾದರೆ ನಿಜವಾಗಿ ಹೆದರಬೇಕಾದದ್ದು ಯಾವುದಕ್ಕೆ? ಮೋಟಾರು ಹೊತ್ತದಿರುವುದಕ್ಕೆ. ಹೊರಸುತ್ತಿನ ಹನ್ನೊಂದರಲ್ಲಿ ಒಂದು ಕೈಕೊಟ್ಟರೆ ನಷ್ಟ ಸೆಕೆಂಡಿಗೆ 120 ಮೀಟರು, ತಡೆದುಕೊಳ್ಳಬಹುದು. ಒಳಗಿನ ಮೂರರಲ್ಲಿ ಒಂದು ಕೈಕೊಟ್ಟರೆ 440 ಮೀಟರು. ಹೆಚ್ಚುವರಿ ವೇಗವೆಲ್ಲ ಅಲ್ಲೇ ಖರ್ಚು, ಒಂದು ಕಡೆಗೆ ಎಳೆಯುವ ಬಲದಿಂದ ತೊಟ್ಟಿಯೂ ಓಲಾಡುತ್ತದೆ. ನಾಲ್ಕನೆಯದು ಕೈಕೊಟ್ಟರೆ ಏನೂ ಉಳಿಯುವುದಿಲ್ಲ. 1958ರ ಮಾರ್ಚ್ 5ರಂದು ಎಕ್ಸ್‌ಪ್ಲೋರರ್-2ಕ್ಕೆ ಆದದ್ದು ಇದೇ. ನಾಲ್ಕನೇ ಹಂತ ಹೊತ್ತಲಿಲ್ಲ, ಉಪಗ್ರಹ ಅಟ್ಲಾಂಟಿಕ್‌ಗೆ ಬಿತ್ತು. ಆಗಸ್ಟ್ 24ರ ಎಕ್ಸ್‌ಪ್ಲೋರರ್-5ಕ್ಕೆ ಬಂದ ಕಂಟಕ ಬೇರೆ: ಬೇರ್ಪಟ್ಟ ಮೇಲೂ ಕೆಳಗಿನ ಹಂತ ಮುಂದೆ ಬಂದು ಮೇಲಿನ ಭಾಗಕ್ಕೆ ಬಡಿಯಿತು, ಮೂಗು ತಿರುಗಿಹೋಯಿತು. ಮುಚ್ಚಿದ ಎಂಜಿನ್ನಿನಲ್ಲಿ ಉಳಿದ ದ್ರವ ಆವಿಯಾಗುತ್ತ ಸ್ವಲ್ಪ ಹೊತ್ತು ನೂಕುತ್ತಲೇ ಇರುತ್ತದೆ. ಸ್ಪ್ರಿಂಗು ಕೊಟ್ಟ ಅಂತರವನ್ನು ಅದು ತಿಂದುಬಿಡಬಲ್ಲದು. ಬೇರ್ಪಡಿಸುವ ಮುನ್ನ ಎಷ್ಟು ಸೆಕೆಂಡು ಕಾಯಬೇಕೆಂಬುದು ಕಾಗದದ ಮೇಲೆ ಒಂದು ಚಿಕ್ಕ ಸಾಲು, ಹಾರಾಟದಲ್ಲಿ ಅದೇ ಎಲ್ಲ.

ಎಕ್ಸ್‌ಪ್ಲೋರರ್-1ರಲ್ಲಿ ಎಲ್ಲವೂ ಹೊತ್ತಿತು. ಆದರೆ ಕಕ್ಷೆ ಸೇರಿತೆಂದು ಖಚಿತವಾಗಬೇಕಾದರೆ ಅದು ಭೂಮಿ ಸುತ್ತಿ ಪಶ್ಚಿಮದಿಂದ ಕ್ಯಾಲಿಫೋರ್ನಿಯಾದ ಮೇಲೆ ಬರಬೇಕು. ಸಂಕೇತ ಬಂದದ್ದು ಎಂಟು ನಿಮಿಷ ತಡವಾಗಿ. ವಾಷಿಂಗ್ಟನ್‌ನಲ್ಲಿ ಕಾಯುತ್ತಿದ್ದ, ರಾಕೆಟ್ ತಂಡದ ಫಾನ್ ಬ್ರೌನ್, ಉಪಗ್ರಹ ಕಟ್ಟಿದ ತಂಡದ ಪಿಕರಿಂಗ್, ಒಳಗಿನ ಎಣಿಕೆ ಯಂತ್ರದ ವ್ಯಾನ್ ಆಲೆನ್ ಅವರಿಗೆ ಆ ಎಂಟು ನಿಮಿಷ ಹೇಗಿದ್ದೀತು! ಲೆಕ್ಕದಲ್ಲಿ ಅದಕ್ಕೆ ಉತ್ತರವಿದೆ. 115 ನಿಮಿಷದಲ್ಲಿ 8 ನಿಮಿಷ ಅಂದರೆ ಶೇ. 7. ಅವಧಿ ಶೇ. 7 ಹೆಚ್ಚಲು ಅರ್ಧ ಅಕ್ಷ ಶೇ. 4.6 ಹೆಚ್ಚಬೇಕು, ಅಂದರೆ 364 ಕಿ.ಮೀ. ಪೆರಿಜಿ ಅಲ್ಲೇ ಇದ್ದರೆ ಅಪೋಜಿ ಅದರ ಎರಡರಷ್ಟು, 730 ಕಿ.ಮೀ. ಮೇಲೆ ಹೋಗಿರಬೇಕು. ಅದಕ್ಕೆ ಬೇಕಾದ ಹೆಚ್ಚಿನ ವೇಗ ಸೆಕೆಂಡಿಗೆ ಬರೇ 145 ಮೀಟರು, ಒಟ್ಟು ವೇಗದ ಶೇ. 2ಕ್ಕಿಂತ ಕಡಿಮೆ. ರಾಕೆಟ್ಟು ಅಂದುಕೊಂಡದ್ದಕ್ಕಿಂತ ತುಸು ಜೋರಾಗಿ ದುಡಿದಿತ್ತು. ಕಾದವರಿಗೆ ಸೋಲಿನಂತೆ ಕಂಡ ಮೌನ, ಗೆಲುವು ಹೆಚ್ಚಾದದ್ದರಿಂದ ಉಂಟಾದದ್ದು.

ಸಂಕೇತ ಹಿಡಿಯುವುದೂ ಸುಲಭವಿರಲಿಲ್ಲ. ಸ್ಪುಟ್ನಿಕ್ ಒಂದು ವ್ಯಾಟ್ ಬಲದಲ್ಲಿ 20 ಮತ್ತು 40 ಮೆಗಾಹರ್ಟ್ಸ್‌ನಲ್ಲಿ ಕೂಗುತ್ತಿತ್ತು. ಶಾರ್ಟ್‌ವೇವ್ ರೇಡಿಯೋ ಇದ್ದವರೆಲ್ಲ ಕೇಳಿದರು. ಎಕ್ಸ್‌ಪ್ಲೋರರ್-1ರಲ್ಲಿ ಎರಡು ಪ್ರೇಷಕಗಳು: 108.03 ಮೆಗಾಹರ್ಟ್ಸ್‌ನಲ್ಲಿ 60 ಮಿಲಿವ್ಯಾಟ್, 108.00ರಲ್ಲಿ 10 ಮಿಲಿವ್ಯಾಟ್. ಚಿಕ್ಕದರ ಸಂಕೇತ 2,500 ಕಿ.ಮೀ. ದೂರ ಬರುವಷ್ಟರಲ್ಲಿ 141 ಡೆಸಿಬೆಲ್ ಕುಗ್ಗುತ್ತದೆ. ಆಕಾಶದ ಗದ್ದಲದ ನಡುವೆ ಅದನ್ನು ಆರಿಸಬೇಕಾದರೆ ಕೇಳುವ ಕಿಂಡಿಯನ್ನು ಕೆಲವು ಹರ್ಟ್ಸ್‌ಗಳಷ್ಟು ಕಿರಿದು ಮಾಡಬೇಕು. ಆದರೆ ಸೆಕೆಂಡಿಗೆ 8 ಕಿ.ಮೀ. ಓಡುವ ಪ್ರೇಷಕದ ಆವರ್ತನ ಡಾಪ್ಲರ್ ಪರಿಣಾಮದಿಂದ ಮೇಲೆ ಕೆಳಗೆ ಮೂರು ಸಾವಿರ ಹರ್ಟ್ಸ್‌ನಷ್ಟು ಜಾರುತ್ತದೆ. ಕಿರಿದಾದ ಕಿಂಡಿ ಒಂದೇ ಕಡೆ ನಿಂತರೆ ಸಂಕೇತ ಕ್ಷಣದಲ್ಲಿ ತಪ್ಪಿಹೋಗುತ್ತದೆ. ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ಮೈಕ್ರೋಲಾಕ್ ಗ್ರಾಹಕಗಳು ಸಂಕೇತದ ಜೊತೆಗೇ ಕಿಂಡಿಯನ್ನೂ ಜಾರಿಸುತ್ತ ಹಿಂಬಾಲಿಸುತ್ತಿದ್ದವು. ಹತ್ತು ಮಿಲಿವ್ಯಾಟ್ ಸಾಕಾದದ್ದು ಆ ಯಂತ್ರದಿಂದ. ದೊಡ್ಡ ಪ್ರೇಷಕದ ಬ್ಯಾಟರಿ 31 ದಿನ ಬಂತು, ಚಿಕ್ಕದರದ್ದು 105 ದಿನ.

ಉಪಗ್ರಹದ ಕೊಳವೆಯ ಮೇಲಿನ ಪಟ್ಟೆಗಳನ್ನು ಎಷ್ಟೋ ಜನ ಅಲಂಕಾರ ಎಂದುಕೊಳ್ಳುತ್ತಾರೆ. ಹೊರಗವಚ 0.6 ಮಿ.ಮೀ. ದಪ್ಪದ ಸ್ಟೇನ್‌ಲೆಸ್ ಸ್ಟೀಲು. ಅದರ ಮೇಲೆ ಅಲ್ಯೂಮಿನಿಯಂ ಆಕ್ಸೈಡಿನ ಬಿಳಿ ಲೇಪದ ಪಟ್ಟೆಗಳು, ನಡುನಡುವೆ ಬರಿಯ ಉಕ್ಕು. ಬಿಸಿಲಲ್ಲಿ ಉಕ್ಕು ಬಿಸಿ ಹೀರುತ್ತದೆ, ಬಿಳಿ ಪಟ್ಟೆ ಬಿಸಿ ಹೊರಹಾಕುತ್ತದೆ. ಯಾವುದು ಎಷ್ಟು ಅಗಲ ಇರಬೇಕೆಂಬುದನ್ನು ಕಕ್ಷೆಯಲ್ಲಿ ಬಿಸಿಲು ಎಷ್ಟು ಹೊತ್ತು, ನೆರಳು ಎಷ್ಟು ಹೊತ್ತು ಎಂಬುದರಿಂದ ಲೆಕ್ಕ ಹಾಕಿದ್ದರು. ಫ್ಯಾನಿಲ್ಲ, ಹೀಟರಿಲ್ಲ, ಸ್ವಿಚ್ಚಿಲ್ಲ. ಕೆಡುವುದಕ್ಕೆ ಏನೂ ಇಲ್ಲ. ಇಡೀ ಉಪಗ್ರಹದಲ್ಲಿ ನಮಗೆ ಅತ್ಯಂತ ಮೆಚ್ಚುಗೆಯಾದ ಭಾಗ ಇದು.

ಕೆಟ್ಟದ್ದು ಬೇರೆಡೆ. 750 ಸುತ್ತಿನಲ್ಲಿ ತನ್ನ ಉದ್ದನೆಯ ಅಕ್ಷದ ಸುತ್ತ ತಿರುಗುತ್ತಲೇ ಇರಬೇಕಿದ್ದ ಉಪಗ್ರಹ ಮೊದಲ ಸುತ್ತು ಮುಗಿಯುವುದರೊಳಗೇ ಓಲಾಡಲು ಶುರುವಾಗಿ, ಕೊನೆಗೆ ಅಡ್ಡಡ್ಡ ಪಲ್ಟಿ ಹೊಡೆಯತೊಡಗಿತು. ಕಾರಣ, ಹೊರಕ್ಕೆ ಚಾಚಿದ ನಾಲ್ಕು ಬಳುಕುವ ತಂತಿ ಆಂಟೆನಾಗಳು. ಗಟ್ಟಿ ವಸ್ತುವಾಗಿದ್ದರೆ ಉದ್ದನೆಯ ಅಕ್ಷದ ಸುತ್ತ ತಿರುಗುವುದು ಎಂದೆಂದಿಗೂ ನಿಲ್ಲದು. ಆದರೆ ತಂತಿ ಬಳುಕಿದಾಗಲೆಲ್ಲ ಸ್ವಲ್ಪ ಶಕ್ತಿ ಶಾಖವಾಗಿ ಸೋರುತ್ತದೆ. ಕೋನೀಯ ಆವೇಗ ಮಾತ್ರ ಸೋರುವಂತಿಲ್ಲ, ಅದು ಅಷ್ಟೇ ಉಳಿಯಬೇಕು. ಆವೇಗ ಅಷ್ಟೇ ಇದ್ದು ಶಕ್ತಿ ಕಡಿಮೆಯಾಗಬೇಕಾದರೆ ಇರುವುದೊಂದೇ ದಾರಿ: ಜಡತ್ವ ಅತಿ ಹೆಚ್ಚಿರುವ ಅಕ್ಷಕ್ಕೆ ಸರಿಯುವುದು. ಎರಡು ಮೀಟರಿನ ಕೋಲಿಗೆ ಅದು ಅಡ್ಡ ಅಕ್ಷ.

ಸಂಖ್ಯೆ ಹಾಕಿ ನೋಡಿ. ತೂಕ 14 ಕಿಲೋ, ಉದ್ದ 2.03 ಮೀಟರು, ತ್ರಿಜ್ಯ 0.08. ಅಡ್ಡ ಅಕ್ಷದ ಜಡತ್ವ, ತೂಕ ಗುಣಿಸು ಉದ್ದದ ವರ್ಗ ಭಾಗಿಸು 12, ಅಂದರೆ 4.8. ಉದ್ದ ಅಕ್ಷದ್ದು, ತುಂಬಿದ ಉರುಳೆ ಎಂದುಕೊಂಡರೆ 0.045, ಟೊಳ್ಳು ಕೊಳವೆ ಎಂದುಕೊಂಡರೆ 0.09. ಅನುಪಾತ ಐವತ್ತರಿಂದ ನೂರರ ನಡುವೆ. ಹಾಗಾಗಿ 750 ಸುತ್ತು ಕೊನೆಗೆ ಏಳರಿಂದ ಹದಿನಾಲ್ಕು ಸುತ್ತಿಗೆ ಇಳಿಯಬೇಕು. ತಿರುಗುವ ಶಕ್ತಿಯಲ್ಲಿ ಶೇ. 98ರಷ್ಟು ಸೋರಿಹೋಗಬೇಕು. ಕೇಳಿದರೆ ಬಹಳ ಎನಿಸುತ್ತದೆ. ಆದರೆ ಆ ಶಕ್ತಿಯೇ ಒಟ್ಟು 140ರಿಂದ 280 ಜೂಲು, ಒಂದು ಲೀಟರು ನೀರನ್ನು ಒಂದು ಡಿಗ್ರಿಯ ಹದಿನೈದನೇ ಒಂದು ಭಾಗದಷ್ಟೂ ಬಿಸಿ ಮಾಡಲಾಗದ ಮೊತ್ತ. ನಾಲ್ಕು ತಂತಿ ಸೆಕೆಂಡಿಗೆ ಹಲವು ಸಲ ಬಳುಕಿದರೆ ಅಷ್ಟನ್ನು ಕಳೆಯುವುದು ದೊಡ್ಡ ಮಾತಲ್ಲ. ಪಲ್ಟಿ ಹೊಡೆಯುವಾಗ ಆಂಟೆನಾದ ಕುರುಡು ದಿಕ್ಕು ಮತ್ತೆ ಮತ್ತೆ ನೆಲದ ಕಡೆ ತಿರುಗಿ ಸಂಕೇತ ಏರಿಳಿಯುತ್ತಿತ್ತು. ಉಡಾವಣೆಯ ಅಷ್ಟು ದೊಡ್ಡ ಲೆಕ್ಕದಲ್ಲಿ ಎಲ್ಲಿಯೂ ಬಾರದ ವಿಷಯ ಇದು. ತಿರುಗಿಸಿ ಸ್ಥಿರಗೊಳಿಸುವ ಉಪಗ್ರಹ ಕೋಲಿನಂತಿರದೆ ತಟ್ಟೆಯಂತೆ ಅಥವಾ ಮೋಟು ಉರುಳೆಯಂತಿರಬೇಕು ಎಂಬ ನಿಯಮವನ್ನು ಆಮೇಲಿನ ವಿನ್ಯಾಸಕಾರರು ಇಲ್ಲಿಂದಲೇ ಹಿಡಿದುಕೊಂಡರು.

ಐಯೋವಾ ವಿಶ್ವವಿದ್ಯಾಲಯದ ಜೇಮ್ಸ್ ವ್ಯಾನ್ ಆಲೆನ್ ತಂಡದ, ವಿಕಿರಣದ ಕಣಗಳನ್ನು ಎಣಿಸುವ ಗೈಗರ್ ಎಣಿಕೆ ಯಂತ್ರ ಒಳಗಿತ್ತು. ಬರಬೇಕಿದ್ದ ಎಣಿಕೆ ಸೆಕೆಂಡಿಗೆ ಸುಮಾರು 30. ಕೆಳಗಿನ ಎತ್ತರಗಳಲ್ಲಿ ಹಾಗೆಯೇ ಬಂತು. ದಕ್ಷಿಣ ಅಮೆರಿಕದ ಮೇಲೆ, ಎತ್ತರದಲ್ಲಿ, ಸೊನ್ನೆ. ಯಂತ್ರ ಕೆಟ್ಟಿದೆಯೆನ್ನೋಣವೆಂದರೆ ಕೆಳಗೆ ಬಂದಾಗ ಮತ್ತೆ ಸರಿ. ಗೈಗರ್ ನಳಿಕೆ ಒಂದು ಕಣ ಎಣಿಸಿದ ಮೇಲೆ ಚೇತರಿಸಿಕೊಳ್ಳಲು ಕ್ಷಣ ಬೇಕು. ಅಷ್ಟರೊಳಗೆ ಮುಂದಿನ ಕಣ ಬಂದರೆ ಅದರ ಮಿಡಿತ ಚಿಕ್ಕದಾಗಿ, ಎಣಿಸುವ ಸರ್ಕ್ಯೂಟಿನ ಹೊಸ್ತಿಲು ದಾಟುವುದಿಲ್ಲ. ಕಣಗಳು ಮಿತಿಮೀರಿದರೆ ಎಣಿಕೆ ಸೊನ್ನೆ. ಎಕ್ಸ್‌ಪ್ಲೋರರ್-1ರಲ್ಲಿ ಟೇಪ್ ರೆಕಾರ್ಡರ್ ಇರಲಿಲ್ಲ, ನೆಲದ ಕೇಂದ್ರಕ್ಕೆ ಕಾಣುವ ಕೆಲವೇ ನಿಮಿಷಗಳ ದತ್ತಾಂಶ ಸಿಗುತ್ತಿತ್ತು. ತುಂಡು ತುಂಡಾಗಿ ಬಂದದ್ದರಿಂದ ಕಾರಣ ಹೊಳೆಯುವುದು ಕಷ್ಟ. ಮಾರ್ಚ್ 26ರಂದು ಹಾರಿದ ಎಕ್ಸ್‌ಪ್ಲೋರರ್-3 ರೆಕಾರ್ಡರ್ ಹೊತ್ತಿತ್ತು. ಪೂರ್ತಿ ಸುತ್ತಿನ ಗೆರೆಯಲ್ಲಿ ಎಣಿಕೆ ಏರಿ, ತುಂಬಿ, ಸೊನ್ನೆಯಾಗಿ, ಮತ್ತೆ ತುಂಬಿ ಇಳಿಯುವುದು ಕಂಡಿತು. ವ್ಯಾನ್ ಆಲೆನ್ ತಂಡದ ಕಾರ್ಲ್ ಮೆಕ್‌ಇಲ್ವೈನ್ ಅಂಥದೇ ಎಣಿಕೆ ಯಂತ್ರಕ್ಕೆ ಪ್ರಯೋಗಾಲಯದಲ್ಲಿ ಎಕ್ಸ್-ಕಿರಣ ಹಾಯಿಸಿ ಅದೇ ಸೊನ್ನೆಯನ್ನು ತೋರಿಸಿದರು. ಮೇ 1ರಂದು ಭೂಮಿಯ ಸುತ್ತಲಿನ ವಿಕಿರಣ ಪಟ್ಟಿಯ ಘೋಷಣೆಯಾಯಿತು.

ಕೊನೆಯ ಲೆಕ್ಕವೊಂದನ್ನು ನೀವೇ ಮಾಡಬಹುದು. ಎಕ್ಸ್‌ಪ್ಲೋರರ್-1 ಪೆಸಿಫಿಕ್ ಸಾಗರದ ಮೇಲೆ ವಾತಾವರಣಕ್ಕೆ ಬಿದ್ದು ಉರಿದದ್ದು 1970ರ ಮಾರ್ಚ್ 31ರಂದು, 58,000ಕ್ಕೂ ಹೆಚ್ಚು ಸುತ್ತು ಮುಗಿಸಿ. ನಡುವಿನ ಸುಮಾರು 4,441 ದಿನಗಳನ್ನು ನಿಮಿಷ ಮಾಡಿ 58,000ದಿಂದ ಭಾಗಿಸಿದರೆ ಸರಾಸರಿ 110 ನಿಮಿಷ. ಹೊರಟಾಗ 114.8 ಇದ್ದ ಅವಧಿ ಆ ಹನ್ನೆರಡು ವರ್ಷದಲ್ಲಿ ಬಹುಪಾಲು ಸ್ವಲ್ಪಸ್ವಲ್ಪವೇ ಇಳಿದಿದೆ. ಪ್ರತಿ ಸುತ್ತಿನಲ್ಲೂ 358 ಕಿ.ಮೀ. ಎತ್ತರದ ಆ ಒಂದು ಜಾಗದಲ್ಲಿ ತೆಳುಗಾಳಿ ತಾಗಿ ಅಪೋಜಿ ಕೆಳಗಿಳಿಯುತ್ತ ಬಂದು, ಕಕ್ಷೆ ದುಂಡಗಾದ ಮೇಲೆ ಕೊನೆಯ ಇಳಿತ ಬೇಗ ಆಗಿದೆ.